ದ್ರಾಕ್ಷಿ ಸೀಮೆಯ ಬೆನ್ನಹುರಿ

ಫೆಬ್ರುವರಿ ಬಂತೆಂದರೆ ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಹೊತ್ತು ಹುಟ್ಟುವ ಮೊದಲೇ ಮಾತು ಕೇಳಿಸುತ್ತದೆ. ಹಂದರದ ಕೆಳಗೆ ಗೊಂಚಲು ಕತ್ತರಿಸುವವರು ಕತ್ತು ಮೇಲೆತ್ತಿ ತಾಸುಗಟ್ಟಲೆ ನಿಂತಿರುತ್ತಾರೆ. ತುಂಬಿದ ಕ್ರೇಟು ತಲೆಗೇರಿಸಿಕೊಂಡ ಹೆಂಗಸರು ಸಾಲಾಗಿ ಶೆಡ್ಡಿನ ಕಡೆ ನಡೆಯುತ್ತಾರೆ. ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಯ ಮೇಲೆ ಹಸಿರು ಗೊಂಚಲುಗಳು ಒಣದ್ರಾಕ್ಷಿಯಾಗಲು ಹರಡಿಕೊಂಡಿರುತ್ತವೆ. ಈ ದಿನಗಳಲ್ಲಿ ಬೆನ್ನು ನೋವೆಂದು ಮನೆಯಲ್ಲಿ ಕೂತವರಿಲ್ಲ. “ಸುಗ್ಗಿ ಮುಗೀಲಿ, ಆಮ್ಯಾಲ ದವಾಖಾನಿ ನೋಡೂಣು” ಎಂದು ಹೇಳಿ ಮತ್ತೆ ಕ್ರೇಟಿಗೆ ಕೈ ಹಾಕುತ್ತಾರೆ.

ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ತಿಕೋಟಾದ ಬಸ್ಸು ಅಥಣಿ ರಸ್ತೆ ಹಿಡಿದು ವಿಜಯಪುರ ಸೇರುತ್ತದೆ; ಆ ರಸ್ತೆಯಲ್ಲೇ ಅಲ್-ಅಮೀನ್ ವೈದ್ಯಕೀಯ ಕಾಲೇಜು. ಬಬಲೇಶ್ವರದ ಬಸ್ಸು ಜಮಖಂಡಿ ರಸ್ತೆಯಿಂದ ಬರುತ್ತದೆ. ಊರಿನ ಇನ್ನೊಂದು ತುದಿಗೆ, ಸೊಲ್ಲಾಪುರ ರಸ್ತೆಯಲ್ಲಿ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿದೆ. ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಸಂಸ್ಥೆ 1986ರಲ್ಲಿ ತೆರೆದ ಕಾಲೇಜು ಅದು.

ಎಲುಬು–ಕೀಲು ವಿಭಾಗದ ಹೊರರೋಗಿಗಳ ಕೋಣೆಯಲ್ಲಿ ಬೆಂಚು ಖಾಲಿಯಿರುವುದಿಲ್ಲ. ಮಗನ ಹೆಗಲು ಹಿಡಿದು ಒಳಬಂದ ಅಜ್ಜನಿಗೆ ಎಳೆಯ ವೈದ್ಯರು ಕೇಳುತ್ತಾರೆ: “ಏನಾಗ್ಯದ ಯಜ್ಜಾ?”

“ಕಾಲಾಗ ಬಲಾನ ಇಲ್ರಿ ಸಾಹೇಬ್ರ. ಹತ್ತಿ ಮ್ಯಾಲ ನಡದಂಗ ಆಗತೈತಿ.”

“ಎಷ್ಟು ದಿನಾ ಆತು?”

“ದೀಪಾವಳಿ ಮುಂದ ಸುರು ಆತ್ರಿ. ಮಣಕಾ ಸರದೈತಿ ಅಂತ ಎಣ್ಣಿ ತಿಕ್ಕಿಸಿದ್ವಿ.”

ವೈದ್ಯರು ಗಡಿಯಾರ ನೋಡುತ್ತ ಮುಷ್ಟಿ ಬಿಗಿದು ಬಿಚ್ಚಲು ಹೇಳುತ್ತಾರೆ. ಗಟ್ಟಿ ಕೈ 10 ಸೆಕೆಂಡಿನಲ್ಲಿ 20 ಸಲ ಬಿಚ್ಚಿ ಮುಚ್ಚುತ್ತದೆ. ಕುತ್ತಿಗೆಯಲ್ಲಿ ಬೆನ್ನಹುರಿಗೆ ಒತ್ತಡ ಬಿದ್ದಿದ್ದರೆ ಅರ್ಧಕ್ಕೇ ಬೆರಳು ಸೋಲುತ್ತವೆ. ಯಂತ್ರವಿಲ್ಲದ, ಕಾಸು ಬೇಡದ ಈ ಪರೀಕ್ಷೆಯನ್ನು ಕಂಡುಕೊಟ್ಟವರು ಜಪಾನಿನ ವೈದ್ಯರು. ರೋಗ ಎಷ್ಟು ಬಲಿತಿದೆಯೆಂದು ಅಳೆಯುವ ಅಂಕಪಟ್ಟಿಯನ್ನೂ 1975ರಲ್ಲಿ ಅವರೇ ಮಾಡಿದರು. ಅದರಲ್ಲಿ ಕಡ್ಡಿ ಹಿಡಿದು ಉಣ್ಣಲು ಬರುತ್ತದೆಯೇ ಎಂಬ ಪ್ರಶ್ನೆಯಿತ್ತು. ಅಮೆರಿಕದವರು ಅದನ್ನು ತಿದ್ದಿ ಚಮಚ, ಅಂಗಿಯ ಗುಂಡಿ ಎಂದು ಬರೆದುಕೊಂಡರು. ವಿಜಯಪುರದಲ್ಲಿ ಕೇಳಬೇಕಾದದ್ದು ಜೋಳದ ರೊಟ್ಟಿ ಮುರಿಯಲು ಬರುತ್ತದೆಯೇ, ಸೀರೆಯ ನಿರಿಗೆ ಹಿಡಿಯಲು ಬರುತ್ತದೆಯೇ ಎಂದು. ಇಂಥ ಪ್ರಶ್ನೆಗಳನ್ನು ಅಂಕಪಟ್ಟಿಯಲ್ಲಿ ಸೇರಿಸಿ, ಅಳೆದು, ಸರಿ ತಪ್ಪು ನೋಡುವುದೂ ದೊಡ್ಡ ಸಂಶೋಧನೆಯೇ ಎಂದು ನಾನು ನಂಬಿದ್ದೇನೆ.

ಬೆನ್ನಹುರಿ ಕಿರುಬೆರಳಿನಷ್ಟು ದಪ್ಪ. ಸವೆದ ಮಣಕಾ (ಬೆನ್ನೆಲುಬಿನ ಮೂಳೆ), ಜಾರಿದ ಡಿಸ್ಕು, ಬೇರೆಡೆಯಿಂದ ಎಲುಬಿಗೆ ಹಬ್ಬಿದ ಕ್ಯಾನ್ಸರ್, ಕ್ಷಯದ ಕೀವು, ಯಾವುದು ಬೇಕಾದರೂ ಅದನ್ನು ಒತ್ತಬಹುದು. ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರನ್ನು ವರ್ಷಾನುಗಟ್ಟಲೆ ಕುಡಿದರೂ ಎಲುಬು ದಪ್ಪವಾಗಿ ಹುರಿಯ ದಾರಿ ಕಿರಿದಾಗುತ್ತದೆ. ಈ ಜಿಲ್ಲೆಯ ಕೆಲವು ಊರುಗಳಿಗೆ ಆ ನೀರಿನ ಕಾಟವೂ ಉಂಟು.

ಬೆನ್ನಿನ ಕ್ಷಯದ ಕಥೆಯನ್ನು ಮಾತ್ರ ಇಲ್ಲಿ ನಿಂತು ಹೇಳಬೇಕು. ಹಿಂದೆ ಈ ಭಾಗದವರು ಮಿರಜದ ಹತ್ತಿರದ ವಾನ್ಲೆಸ್‌ವಾಡಿಯಂಥ ಕ್ಷಯ ಆಸ್ಪತ್ರೆಗಳಿಗೆ ಹೋಗುತ್ತಿದ್ದರು. ತಿಂಗಳುಗಟ್ಟಲೆ ಅಲುಗದೆ ಮಲಗುವುದು, ಮೈಗೆ ಪ್ಲಾಸ್ಟರ್ ಕವಚ ಹಾಕುವುದು ಅಂದಿನ ಚಿಕಿತ್ಸೆ. ಮನೆಯಲ್ಲಿ ದುಡಿಯುವವನು ಹಾಗೆ ಮಲಗಿದರೆ ಹೊಲದ ಗತಿಯೇನು? ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1960ರ ದಶಕದಲ್ಲಿ ಈ ಚಿಕಿತ್ಸೆಯನ್ನೇ ಪರೀಕ್ಷೆಗೆ ಒಡ್ಡಿತು. ಕೊರಿಯಾದ ಮಸಾನ್‌ನಲ್ಲಿ ಹಾಸಿಗೆಯ ವಿಶ್ರಾಂತಿಯನ್ನು, ಪೂಸಾನ್‌ನಲ್ಲಿ ಪ್ಲಾಸ್ಟರನ್ನು ಚೀಟಿ ಎತ್ತಿದಂತೆ ಕೆಲವರಿಗೆ ಕೊಟ್ಟು, ಕೆಲವರಿಗೆ ಬಿಟ್ಟು ನೋಡಿದರು. ಗುಣ ಕೊಟ್ಟದ್ದು ಕ್ಷಯದ ಗುಳಿಗೆ. ಮಲಗಿದ್ದರಿಂದಾಗಲಿ ಪ್ಲಾಸ್ಟರಿನಿಂದಾಗಲಿ ಹೆಚ್ಚಿನ ಲಾಭವಾಗಲಿಲ್ಲ.

1975ರಲ್ಲಿ ಆ ಪ್ರಯೋಗ ಮದ್ರಾಸಿಗೆ ಬಂತು. ಒಂದು ಗುಂಪಿಗೆ ದೊಡ್ಡ ಶಸ್ತ್ರಕ್ರಿಯೆ ಮತ್ತು 6 ತಿಂಗಳ ಗುಳಿಗೆ. ಉಳಿದೆರಡಕ್ಕೆ ಓಡಾಡಿಕೊಂಡೇ 6 ಅಥವಾ 9 ತಿಂಗಳ ಗುಳಿಗೆ. 10 ವರ್ಷದ ಮೇಲೆ ಲೆಕ್ಕ ತೆಗೆದಾಗ ಶಸ್ತ್ರಕ್ರಿಯೆಯವರಲ್ಲಿ ಶೇ 90, 6 ತಿಂಗಳ ಗುಳಿಗೆಯವರಲ್ಲಿ ಶೇ 94, 9 ತಿಂಗಳಿನವರಲ್ಲಿ ಶೇ 99 ಮಂದಿ ಚೆನ್ನಾಗಿದ್ದರು. ನಡೆಯಲಾರದಷ್ಟು ಕಾಲು ಸೋತವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ಅಂಥವರಿಗೆ ಬನಾರಸಿನ ಎಸ್.ಎಂ. ತುಲಿ ಅದೇ 1975ರಲ್ಲಿ ಪ್ರಕಟಿಸಿದ ಮಧ್ಯಮ ಮಾರ್ಗ ನೆರವಾಯಿತು: ಮೊದಲು ಔಷಧ, ಕೆಲವು ವಾರಗಳಲ್ಲಿ ಕಾಲಿಗೆ ಬಲ ಬಾರದಿದ್ದರೆ ಅಥವಾ ಇನ್ನಷ್ಟು ಸೋತರೆ ಶಸ್ತ್ರಕ್ರಿಯೆ. ಇಂದು ನಮ್ಮ ದೇಶದ ಮಾರ್ಗಸೂಚಿ ಬೆನ್ನಿನ ಕ್ಷಯಕ್ಕೆ 12 ತಿಂಗಳ ಔಷಧ ಹೇಳುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಗುಳಿಗೆ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ₹1,000 ಖಾತೆಗೆ ಬರುತ್ತದೆ.

ಕ್ಯಾನ್ಸರ್ ಹುರಿ ಒತ್ತಿದಾಗ ಮಾತು ಬೇರೆ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಆಯ್ದ 101 ರೋಗಿಗಳ ಪೈಕಿ ಶಸ್ತ್ರಕ್ರಿಯೆ ಮಾಡಿ ವಿಕಿರಣ ಕೊಟ್ಟವರಲ್ಲಿ ಶೇ 84 ಮಂದಿ ನಡೆದರು. ಬರೀ ವಿಕಿರಣದವರಲ್ಲಿ ಶೇ 57. ಶಸ್ತ್ರಕ್ರಿಯೆ ತಾಳಲಾರದವರಿಗೆ 2019ರ ಬ್ರಿಟನ್ ಮತ್ತು ಆಸ್ಟ್ರೇಲಿಯದ ಪ್ರಯೋಗವಿದೆ. ಒಂದೇ ದಿನದ ವಿಕಿರಣ ಪಡೆದವರಲ್ಲಿ 8 ವಾರದ ನಂತರ ಶೇ 69, ಐದು ದಿನ ಪಡೆದವರಲ್ಲಿ ಶೇ 73 ಮಂದಿ ನಡೆಯುತ್ತಿದ್ದರು. ಎರಡೂ ಸಮವೆಂದು ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಸಾಬೀತಾಗಲಿಲ್ಲ, ನಿಜ. ಆದರೆ ವಿಕಿರಣಕ್ಕೆಂದು ಹುಬ್ಬಳ್ಳಿಯ ನವನಗರಕ್ಕೋ ಕಲಬುರಗಿಗೋ ರೋಗಿಯನ್ನು ಎತ್ತಿಕೊಂಡು ಹೋಗುವ ಬಬಲೇಶ್ವರದ ಮನೆಯವರಿಗೆ ಒಂದು ದಿನಕ್ಕೂ ಐದು ದಿನಕ್ಕೂ ಇರುವ ಅಂತರ ವೈದ್ಯರ ಮುಂದೆ ಚರ್ಚೆಯಾಗಲೇಬೇಕು.

ಇಂಥ ಅಧ್ಯಯನ ನಮ್ಮ ಊರಲ್ಲೂ ನಡೆಯುತ್ತದೆ: ಎಂ.ಎಸ್. ಓದುವ ಪ್ರತಿ ವೈದ್ಯರೂ ಒಂದು ಸಂಶೋಧನಾ ಪ್ರಬಂಧ ಬರೆಯಬೇಕು. ಹಾಗಾಗಿ ಹೊರರೋಗಿಗಳ ಕೋಣೆಯ ಆ ಅಜ್ಜನ ಪಕ್ಕದಲ್ಲೂ ಒಂದು ದಿನ ಒಪ್ಪಿಗೆ ಪತ್ರ ಹಿಡಿದು ಯಾರೋ ಕೂರಬಹುದು. ಪತ್ರ ಕನ್ನಡದಲ್ಲಿರಬೇಕು. ಓದು ಬಾರದಿದ್ದರೆ ಹೊರಗಿನ ಸಾಕ್ಷಿಯ ಎದುರು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಪಡೆಯಬೇಕು. “ನೀವು ಒಲ್ಲೆ ಅಂದ್ರೂ ಔಷಧ ನಿಲ್ಲೂದಿಲ್ರಿ” ಎಂಬ ಮಾತನ್ನು ಮೊದಲೇ ಹೇಳಬೇಕು. ಕೊಟ್ಟ ಹೆಬ್ಬೆಟ್ಟು ಕಪಾಟಿನ ಪ್ರಬಂಧದಲ್ಲಿ ಮುಗಿಯದೆ, ಆರು ತಿಂಗಳು, ವರ್ಷ ಕಳೆದ ಮೇಲೂ ಯಾರಾದರೂ ತೋಟಕ್ಕೆ ಫೋನು ಮಾಡಿ “ಈಗ ನಡೀತೀರೇನ್ರಿ?” ಎಂದು ಕೇಳುವಂತಾಗಬೇಕು.

ಕಾಲು ಪೂರ್ತಿ ಸೋಲುವ ಮೊದಲೇ ಚಿಕಿತ್ಸೆಗೆ ಬಂದವರ ಫಲ ಚೆನ್ನ ಎಂದು ಈ ವಿಷಯದ ಅಧ್ಯಯನಗಳು ಮತ್ತೆ ಮತ್ತೆ ಹೇಳುತ್ತವೆ. ಕಾಲಿನ ಚಪ್ಪಲಿ ಜಾರಿ ಹೋದದ್ದು ಗೊತ್ತಾಗದಿದ್ದರೆ, ಗುಂಡಿ ಹಾಕಲು ಬೆರಳು ತಡವರಿಸಿದರೆ, ಮೂತ್ರ ಕಟ್ಟಿದರೆ, ಎಣ್ಣೆ ತಿಕ್ಕಿಸಬೇಡಿ, ಸುಗ್ಗಿ ಕಾಯಬೇಡಿ. ಅವತ್ತಿನ ಬಸ್ಸಿಗೇ ಹೊರಡಿ.