ಮೈಬಣ್ಣದಿಂದ ಯಾರೂ ಮೇಲಲ್ಲ
(ಜುಮಾ ಖುತ್ಬಾದ ಸಾರಾಂಶ)



ಅಮೆರಿಕದಲ್ಲಿ ಫೆಬ್ರವರಿ ತಿಂಗಳನ್ನು ಕಪ್ಪು ಜನರ ಚರಿತ್ರೆಯ ತಿಂಗಳೆಂದು ಆಚರಿಸುತ್ತಾರೆ. ಗುಲಾಮರಾಗಿದ್ದ ತಂದೆ ತಾಯಿಯ ಮಗ, ಇತಿಹಾಸಕಾರ ಕಾರ್ಟರ್ ವುಡ್ಸನ್ 1926ರಲ್ಲಿ ಇದನ್ನು ಒಂದು ವಾರದ ಆಚರಣೆಯಾಗಿ ಆರಂಭಿಸಿದರು. 1976ರಲ್ಲಿ ಅದು ಇಡೀ ತಿಂಗಳ ಆಚರಣೆಯಾಯಿತು. ಪಾಠದಲ್ಲಿ ತಮ್ಮವರ ಹೆಸರೇ ಇಲ್ಲದ ಮಕ್ಕಳು ತಮ್ಮನ್ನು ತಾವೇ ಕೀಳೆಂದು ತಿಳಿದುಬಿಡುತ್ತಾರೆ ಎಂಬುದು ಅವರ ಚಿಂತೆಯಾಗಿತ್ತು.

ಅಮೆರಿಕದ ಮಾತು ವೀರನಹೊಸಹಳ್ಳಿಯವರಿಗೇಕೆ ಎಂದು ಕೆಲವರು ಕೇಳಬಹುದು. ಆಫ್ರಿಕಾ ಮೂಲದ ಸಹೋದರರು ನಮ್ಮ ರಾಜ್ಯದಲ್ಲೇ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಜನಾಂಗ ಅವರದು. ಅವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಅವರ ಡಮಾಮಿ ಕುಣಿತ ಇಂದಿಗೂ ಉಳಿದಿದೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ನಮ್ಮ ಶಾಸನಸಭೆ ಪ್ರವೇಶಿಸಿದ ಮೊದಲಿಗರು ಅವರೇ.

ದಖ್ಖನಿನ ಚರಿತ್ರೆಯಲ್ಲಿ ಹಬ್ಶಿಗಳ ಪಾಲು ದೊಡ್ಡದು. ಇಥಿಯೋಪಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟುತ್ತಾ ಬಂದ ಮಲಿಕ್ ಅಂಬರ್ ಕೊನೆಗೆ ಅಹಮದ್‌ನಗರ ರಾಜ್ಯದ ಚುಕ್ಕಾಣಿ ಹಿಡಿದರು. 1626ರಲ್ಲಿ ತೀರಿಕೊಳ್ಳುವವರೆಗೂ ಜಹಾಂಗೀರನ ಸೈನ್ಯವನ್ನು ತಡೆದರು. ಜಮೀನು ಅಳೆಸಿ ಕಂದಾಯಕ್ಕೆ ಕ್ರಮ ತಂದರು. ಅವರು ಕಟ್ಟಿಸಿದ ಖಡ್ಕಿ ಪಟ್ಟಣವೇ ಮುಂದೆ ಔರಂಗಾಬಾದ್ ಆಯಿತು. ನಮ್ಮ ಬಿಜಾಪುರದಲ್ಲೂ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಪ್ರಬಲ ಮಂತ್ರಿಯಾಗಿದ್ದರು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹೆಸರುಗಳು ಗೊತ್ತು?

ಇನ್ನು ಹಝ್ರತ್ ಬಿಲಾಲ್(ರ) ಅವರನ್ನು ಅರಿಯದ ಮುಸ್ಲಿಮನಿಲ್ಲ. ಮಕ್ಕಾ ವಿಜಯದ ದಿನ ಕಾಬಾದ ಮೇಲೆ ನಿಂತು ಅದಾನ್ ಕೊಡಲು ಪ್ರವಾದಿ(ಸ) ಆರಿಸಿದ್ದು ಒಂದು ಕಾಲದಲ್ಲಿ ಗುಲಾಮರಾಗಿದ್ದ ಈ ಹಬ್ಶಿ ಸಹಾಬಿಯನ್ನು. ಒಮ್ಮೆ ಅಬೂದರ್ರ್(ರ) ಅವರು ಒಬ್ಬರನ್ನು ತಾಯಿಯ ಮೂಲ ಹಿಡಿದು ಹೀಯಾಳಿಸಿದಾಗ, ನಿಮ್ಮಲ್ಲಿ ಇನ್ನೂ ಜಾಹಿಲಿಯ್ಯತ್ ಉಳಿದಿದೆ ಎಂದು ಪ್ರವಾದಿ(ಸ) ಎಚ್ಚರಿಸಿದರು. ಬಿಳಿಯನಿಗೆ ಕರಿಯನ ಮೇಲೆ ಶ್ರೇಷ್ಠತೆಯಿಲ್ಲ, ತಖ್ವಾದಿಂದಲ್ಲದೆ ಯಾರೂ ಮೇಲಲ್ಲ ಎಂಬುದು ಅವರ ಹಜ್ ಪ್ರವಚನದ ಸಾರ. 1964ರಲ್ಲಿ ಹಜ್‌ಗೆ ಹೋದ ಅಮೆರಿಕದ ಮಾಲ್ಕಂ ಎಕ್ಸ್ ಎಲ್ಲ ಬಣ್ಣದವರೂ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ಕಂಡು ಬೆರಗಾದರು.

ಅವರು ನಮ್ಮ ಮನೆಗಳಿಗೆ ಬಂದಿದ್ದರೆ ಏನನ್ನು ಕಾಣುತ್ತಿದ್ದರು? ಮಸೀದಿಯ ಸಫ್‌ನಲ್ಲಿ ನಾವು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಹೊರಗೆ ಬಂದು ಹೆಣ್ಣು ನೋಡಲು ಹೋದಾಗ ಮೊದಲು ಕೇಳುವುದು "ಹುಡುಗಿ ಬೆಳ್ಳಗಿದ್ದಾಳಾ?" ಎಂದು. ದೀನ್, ಗುಣ, ಓದು ಎಲ್ಲ ಇದ್ದರೂ ಬಣ್ಣದ ನೆಪದಲ್ಲಿ ಸಂಬಂಧ ತಿರುಗಿಹೋಗುತ್ತದೆ. ಇಲ್ಲವೇ ಬಣ್ಣಕ್ಕೆ ಬದಲಾಗಿ ಹೆಚ್ಚು ವರದಕ್ಷಿಣೆ ಕೇಳುತ್ತಾರೆ. ಆ ಹೆಣ್ಣುಮಗಳ ಕಣ್ಣೀರಿಗೆ ಯಾರು ಉತ್ತರ ಹೇಳಬೇಕು? ಪಕ್ಕದ ಹಾಡಿಯ ಜೇನುಕುರುಬ ಮಕ್ಕಳು ನಮ್ಮ ಮಕ್ಕಳ ಜೊತೆ ಶಾಲೆಯಲ್ಲಿ ಕೂರುತ್ತಾರೆ. ಬಣ್ಣ ಹಿಡಿದು ಅವರನ್ನು ಅಡ್ಡಹೆಸರಿನಿಂದ ಕರೆದರೆ ಅದೂ ಜಾಹಿಲಿಯ್ಯತ್ತೇ. ಅಂಥ ಅಡ್ಡಹೆಸರುಗಳನ್ನು ಕುರ್‌ಆನಿನ ಹುಜುರಾತ್ ಅಧ್ಯಾಯ ನಿಷೇಧಿಸಿದೆ.

ಆದ್ದರಿಂದ ಇವತ್ತಿನಿಂದಲೇ ಮೂರು ಕೆಲಸ ಮಾಡೋಣ. ಸಂಬಂಧ ನೋಡುವಾಗ ಬಣ್ಣದ ಮಾತು ಎತ್ತದಿರೋಣ. ಮಕ್ಕಳ ಬಾಯಲ್ಲಿ ಹೀಯಾಳಿಕೆಯ ಮಾತು ಬಂದರೆ ನಗದೆ, ಅಲ್ಲೇ ತಿದ್ದೋಣ. ಬಿಲಾಲ್(ರ), ಮಲಿಕ್ ಅಂಬರ್ ಮತ್ತು ಸಿದ್ದಿ ಸಹೋದರರ ಕಥೆಯನ್ನು ಮನೆಯಲ್ಲಿ ಹೇಳೋಣ.

ನಮ್ಮ ರೂಪವನ್ನಲ್ಲ, ಹೃದಯವನ್ನೂ ಕರ್ಮವನ್ನೂ ನೋಡುವ ಅಲ್ಲಾಹನು ನಮ್ಮ ಮನಸ್ಸುಗಳನ್ನು ಶುದ್ಧಗೊಳಿಸಲಿ. ಆಮೀನ್.