ಪೇಟೆಯ ಉದ್ರಿ, ಮೊಬೈಲಿನ ಪಾರ್ಸೆಲ್

ಸಿರುಗುಪ್ಪ ಸೀಮೆಯ ರೈತನ ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಜವಳಿ ತೆಗೆಯಲು ಬಳ್ಳಾರಿಗೇ ಬರಬೇಕು. ಬೀಗರು, ಸೋದರತ್ತೆ, ಚಿಕ್ಕಮ್ಮಂದಿರು, ಜೊತೆಗೆ ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿಯೇ ಬೆಲೆ ಹೇಳಬಲ್ಲ ಒಬ್ಬ ಅಜ್ಜಿ. ಹೀಗೆ ಒಂದು ಟೆಂಪೊ ತುಂಬ ಜನ. ಚಪ್ಪಲಿ ಬಿಟ್ಟು ಬಿಳಿ ಹಾಸಿನ ಗಾದಿಯ ಮೇಲೆ ಕೂತರೆ ಮೊದಲು ನೀರು, ಆಮೇಲೆ ಚಹಾ, ಆಮೇಲೆ ಸೀರೆ. ಅಂಗಡಿಯ ಹುಡುಗ ಒಂದೊಂದೇ ಬಿಡಿಸಿ ಹಾಸುತ್ತ ಹೋದಂತೆ ಮಧ್ಯಾಹ್ನದ ಹೊತ್ತಿಗೆ ಗಾದಿಯೇ ಕಾಣದು. ಚೌಕಾಸಿಯೆಲ್ಲ ಮುಗಿದ ಮೇಲೆ ಸಾಹುಕಾರರು ಗಲ್ಲಾಪೆಟ್ಟಿಗೆಯ ಪಕ್ಕದ ಉದ್ದನೆಯ ಪುಸ್ತಕ ತೆಗೆದು ಒಂದು ಸಾಲು ಬರೆಯುತ್ತಾರೆ: ಅರ್ಧ ಈಗ, ಉಳಿದದ್ದು ಭತ್ತ ಮಾರಿದ ಮೇಲೆ.

ಬಳ್ಳಾರಿ ಪೇಟೆಯ ಜವಳಿ ಅಂಗಡಿ ನಿಂತು ಬಾಳಿದ್ದು ಆ ಒಂದು ಸಾಲಿನ ಬಲದಿಂದ. ಆನ್‌ಲೈನ್ ವ್ಯಾಪಾರದ ಎದುರು ಇವತ್ತು ಯಾವ ಅಂಗಡಿ ತಾಳಿಕೊಳ್ಳುತ್ತದೆ, ಯಾವುದು ಷಟರ್ ಎಳೆಯುತ್ತದೆ ಎಂಬುದೂ ಬಹುಮಟ್ಟಿಗೆ ಅದರಿಂದಲೇ ತೀರ್ಮಾನವಾಗುತ್ತಿದೆ.

ದಂಡಿನಿಂದ ಬೆಳೆದ ಪೇಟೆ

1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಕೋಟೆಯ ಊರು ದಂಡಿನ ಊರಾಯಿತು. ಪಡೆಗಳಿಗೆ ಬೇಕಾದ ಸರಕು ಒದಗಿಸುತ್ತ ಕೌಲ್ ಬಜಾರ್ ಬೆಳೆಯಿತು. ಬ್ರೂಸ್‌ಪೇಟೆಗೆ ಅಂಟಿಕೊಂಡಿರುವುದು 19ನೇ ಶತಮಾನದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶನಾಗಿದ್ದ ಪೀಟರ್ ಬ್ರೂಸ್‌ನ ಹೆಸರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ನಕ್ಷೆಯಲ್ಲಿ ಗೆರೆ ಬಿದ್ದರೂ ಗಿರಾಕಿಗಳ ದಾರಿ ಬದಲಾಗಲಿಲ್ಲ. ಬೆಂಗಳೂರು ರಸ್ತೆಯ, ತೇರು ಬೀದಿಯ ಅಂಗಡಿಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಚೌಕಾಸಿ ನಡೆಸಬಲ್ಲ ಹುಡುಗರು ಇವತ್ತಿಗೂ ಸಿಗುತ್ತಾರೆ.

ಪೇಟೆಗೆ ಎರಡನೇ ಜೀವ ಬಂದದ್ದು ಅದೇ ಐವತ್ತರ ದಶಕದಲ್ಲಿ ತುಂಗಭದ್ರಾ ಕಾಲುವೆಗಳಲ್ಲಿ ಹರಿದ ನೀರಿನಿಂದ. ಸಿರುಗುಪ್ಪ ಭತ್ತದ ಸೀಮೆಯಾಯಿತು, ರೈಸ್ ಮಿಲ್‌ಗಳು ತಲೆ ಎತ್ತಿದವು. ಕುರುಗೋಡಿನ ಕಡೆ ಭತ್ತದ ಜೊತೆ ಮೆಣಸಿನಕಾಯಿ, ಹತ್ತಿ. ಇಂಥ ಊರುಗಳಲ್ಲಿ ದುಡ್ಡು ತಿಂಗಳ ಸಂಬಳದಂತೆ ಬರುವುದಿಲ್ಲ. ಬೆಳೆ ಬಂದಾಗ ಕೈತುಂಬ, ಉಳಿದ ತಿಂಗಳು ಬರಿಗೈ. ಆದರೆ ಹಬ್ಬ, ಜಾತ್ರೆ, ಸೀಮಂತ, ಶಾಲೆಯ ಸಮವಸ್ತ್ರ ಯಾವುದೂ ಕೊಯ್ಲಿಗಾಗಿ ಕಾಯುವುದಿಲ್ಲ. ಈ ನಡುವಿನ ಕಂದಕವನ್ನು ತುಂಬಿದ್ದು ಅಂಗಡಿಯ ಉದ್ರಿ.

ಪುಸ್ತಕದ ಒಳಗೆ, ಪುಸ್ತಕದ ಹೊರಗೆ

ಉದ್ರಿ ಕೊಡುವ ಸಾಹುಕಾರರಿಗೆ ಸೀರೆಯ ಬೆಲೆಗಿಂತ ಮೊದಲು ಕಾಲುವೆಯ ಸುದ್ದಿ ಬೇಕು. ನೀರು ಯಾವ ತಾರೀಕಿಗೆ ಬಿಡುತ್ತಾರೆ, ಎರಡನೇ ಬೆಳೆಗೆ ಸಿಗುತ್ತದೋ ಇಲ್ಲವೋ, ಸೋನಾ ಮಸೂರಿ ದರ ಎಷ್ಟಿದೆ ಎಂಬ ಲೆಕ್ಕದ ಮೇಲೆ ಅವರ ಖರೀದಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋದಾಗ ಎದೆ ಝಲ್ಲೆಂದದ್ದು ರೈತರಿಗೆ ಮಾತ್ರ ಅಲ್ಲ, ಅವರಿಂದ ಬಾಕಿ ಬರಬೇಕಿದ್ದವರಿಗೂ ಹೌದು.

ಈ ವ್ಯವಸ್ಥೆಯನ್ನು ಹಾಡಿ ಹೊಗಳಬೇಕಿಲ್ಲ. ಉದ್ರಿಯ ಗಿರಾಕಿ ಚೌಕಾಸಿಯಲ್ಲಿ ಬಿಗಿ ಹಿಡಿಯಲಾರ. ಕಾಯುವುದಕ್ಕೂ ಬೆಲೆಯಿದೆ, ಅದು ಬಟ್ಟೆಯ ಬೆಲೆಯೊಳಗೇ ಸೇರಿರುತ್ತದೆ. ‘ಯಾವೂರು? ಯಾರ ಪೈಕಿ?’ ಎಂಬ ಪ್ರಶ್ನೆಗೆ ಬರುವ ಉತ್ತರದಲ್ಲಿ ಜಮೀನು ಇಲ್ಲದಿದ್ದರೆ ಪುಸ್ತಕದ ಪುಟ ತೆರೆಯುವುದು ಕಷ್ಟ. ಕೂಲಿಯವರಿಗೆ, ಗುಳೆ ಹೋಗುವವರಿಗೆ, ಗಂಡಸರ ಹೆಸರಿಲ್ಲದೆ ಬರುವ ಹೆಣ್ಣುಮಕ್ಕಳಿಗೆ ಗಾದಿಯ ಮೇಲಿನ ಚಹಾ ಅಷ್ಟು ಸಲೀಸಾಗಿ ಬಂದದ್ದಿಲ್ಲ.

ಮೊಬೈಲಿನ ಅಂಗಡಿ ಆ ಪ್ರಶ್ನೆಯನ್ನೇ ಕೇಳಲಿಲ್ಲ. ಅದು ಗೆದ್ದದ್ದಕ್ಕೆ ಅಗ್ಗದ ದರದಷ್ಟೇ ಇದೂ ಕಾರಣ.

ಮನೆ ಬಾಗಿಲಿಗೆ ಬಂದ ಪೇಟೆ

ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕದ ಅಂಗಡಿಯಾಗಿ ಹುಟ್ಟಿತು. ಅದರ ಮೊದಲ ಗಿರಾಕಿ ಇದ್ದದ್ದು ಮುಂಬಯಿಯಲ್ಲೂ ಅಲ್ಲ, ದಿಲ್ಲಿಯಲ್ಲೂ ಅಲ್ಲ, ರಾಯಚೂರಿನ ಆಚೆಯ ಮಹಬೂಬ್‌ನಗರದಲ್ಲಿ. ಬೇಕಾದ ಪುಸ್ತಕ ಊರಿನ ಅಂಗಡಿಯಲ್ಲಿ ಸಿಗದ ಜನ ಸಣ್ಣ ಊರುಗಳಲ್ಲೇ ಹೆಚ್ಚು. 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ಬಂತು. ಸರಕು ಕೈಗೆ ಬಂದ ಮೇಲೆ ದುಡ್ಡು ಎಂಬುದು ಬ್ಯಾಂಕ್ ಕಾರ್ಡ್ ಇಲ್ಲದವರನ್ನೂ ಒಳಕ್ಕೆ ಕರೆಯಿತು. 2013ರಲ್ಲಿ ಅಮೆಜಾನ್ ಭಾರತದಲ್ಲಿ ಅಂಗಡಿ ತೆರೆಯಿತು. 2016ರಲ್ಲಿ ಜಿಯೋ ಅಗ್ಗದ ಡೇಟಾ ತಂದಿತು, ಅದೇ ವರ್ಷ ಯುಪಿಐ ಶುರುವಾಯಿತು. 2015ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಮೀಶೊ, ಸಣ್ಣ ಊರಿನ ಕಡಿಮೆ ಬೆಲೆಯ ಗಿರಾಕಿಯನ್ನೇ ಹುಡುಕಿಕೊಂಡು ಬಂತು.

ಪೆಟ್ಟು ಎಲ್ಲ ಅಂಗಡಿಗೂ ಒಂದೇ ಸಮ ಬೀಳಲಿಲ್ಲ. ಮೊಬೈಲ್, ಮಿಕ್ಸಿ, ಬ್ರಾಂಡೆಡ್ ಷೂ, ವಾಚ್, ಹೀಗೆ ಎಲ್ಲಿ ಕೊಂಡರೂ ಒಂದೇ ಎನಿಸುವ, ಪೆಟ್ಟಿಗೆಯಲ್ಲಿ ಬರುವ ಸರಕಿನ ಅಂಗಡಿಗಳು ಮೊದಲು ಬಿಸಿ ಕಂಡವು. ‘ಅಣ್ಣಾ, ಇದೇ ಪ್ಯಾಂಟು ಫೋನ್‌ನಾಗ ಕಮ್ಮಿಗೈತೆ ನೋಡು’ ಎನ್ನುವ ಹುಡುಗ, ಹಾಕಿ ನೋಡಿ ಸೈಜ್ ಗೊತ್ತುಮಾಡಿಕೊಂಡು, ಫೋಟೊ ತೆಗೆದುಕೊಂಡು ಹೊರಡುವುದು ರೆಡಿಮೇಡ್ ಅಂಗಡಿಯವರಿಗೆ ದಿನದ ಅನುಭವ. ಬಾಡಿಗೆ ಅವರದು, ಟ್ರಯಲ್ ರೂಮ್ ಅವರದು, ವ್ಯಾಪಾರ ಮಾತ್ರ ಇನ್ನಾರದೋ.

ಕುರುಗೋಡಿನಂಥ ಊರಿಗೆ ಇದರ ಅರ್ಥ ಬೇರೆ. ದೊಡ್ಡಬಸವೇಶ್ವರನ ರಥೋತ್ಸವದ ಹೊತ್ತಿಗೆ ತುಂಬಿ ತುಳುಕುವ ಈ ಊರು ತಾಲ್ಲೂಕು ಕೇಂದ್ರವಾದದ್ದು ಈಚೆಗೆ. ಕಚೇರಿ ಬಂದರೆ ಹಿಂದೆಯೇ ಪೇಟೆ ಬರುತ್ತದೆ ಎಂಬುದು ಹಳೆಯ ಲೆಕ್ಕ. ಆದರೆ ಹೊಸ ಮಳಿಗೆ ಕಟ್ಟಿಸುವ ಹೊತ್ತಿಗೆ ಪೇಟೆ ಬೈಕಿನ ಹಿಂದಿನ ದೊಡ್ಡ ಚೀಲದಲ್ಲಿ ಮನೆ ಬಾಗಿಲಿಗೇ ಬರತೊಡಗಿದೆ. ಆ ಚೀಲ ಹೊರುವವರು ಇದೇ ಸುತ್ತಲಿನ ಹುಡುಗರು. ಅಪ್ಪನ ಕಾಲಕ್ಕೆ ಅಂಗಡಿಯಲ್ಲಿ ಬಟ್ಟೆ ಮಡಿಸುವ ಕೆಲಸ ಸಿಗುತ್ತಿತ್ತು, ಮಗನಿಗೆ ಪಾರ್ಸೆಲ್ ಲೆಕ್ಕದಲ್ಲಿ ದುಡ್ಡು.

ಹೊಲಿಯುವ ಊರು, ಹೆಸರು ಬೇರೆಯವರದು

ಬಳ್ಳಾರಿ ಬರಿಯ ಮಾರುವ ಊರಲ್ಲ, ಜೀನ್ಸ್ ಹೊಲಿಯುವ ಊರು. ಮಹಾಯುದ್ಧದ ಕಾಲಕ್ಕೆ ಸೈನಿಕರ ಸಮವಸ್ತ್ರ ಹೊಲಿದ ದರ್ಜಿಗಳಿಂದ ಈ ಕಸುಬು ಬಂತೆಂದು ಇಲ್ಲಿ ಹೇಳಿಕೊಳ್ಳುತ್ತಾರೆ. ಅಹಮದಾಬಾದಿನ ಕಡೆಯಿಂದ ಡೆನಿಮ್ ತಾನುಗಳು ಬರುತ್ತವೆ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಸೀಮೆಸುಣ್ಣದ ಗೆರೆ ಹಿಡಿದು ಕಟಿಂಗ್ ಮಾಸ್ಟರ್ ಒಂದೇ ಸಲಕ್ಕೆ ಅಷ್ಟೂ ಪದರ ಕತ್ತರಿಸುತ್ತಾರೆ. ಆಮೇಲೆ ಕೆಲಸ ಹಂಚಿಹೋಗುತ್ತದೆ: ಒಬ್ಬರು ಜೇಬು ಕೂರಿಸುತ್ತಾರೆ, ಒಬ್ಬರು ಝಿಪ್, ಇನ್ನೊಬ್ಬರು ಲೂಪ್, ಮತ್ತೊಬ್ಬರು ಕಾಜಾ-ಬಟನ್. ಕೂಲಿ ಪೀಸಿನ ಲೆಕ್ಕ. ಹೊಲಿದದ್ದು ವಾಷಿಂಗ್ ಘಟಕಕ್ಕೆ ಹೋಗಿ, ಬಣ್ಣ ಇಳಿದು ಮೆತ್ತಗಾಗಿ ಬಂದ ಮೇಲೆ ದಾರದ ತುದಿ ಕತ್ತರಿಸಿ, ಇಸ್ತ್ರಿ ಮಾಡಿ, ಲೇಬಲ್ ಹಾಕುತ್ತಾರೆ. ಎಷ್ಟೋ ಸಲ ಆ ಲೇಬಲ್ ಬೇರೆ ಕಂಪನಿಯದು.

ಆನ್‌ಲೈನ್ ಬಂದಾಗ ಇಲ್ಲಿನ ಸಣ್ಣ ಉತ್ಪಾದಕರಿಗೆ ಆಸೆ ಹುಟ್ಟಿದ್ದು ಸಹಜ. ನಡುವಿನ ದಲ್ಲಾಳಿ ಇಲ್ಲ, ಬೆಂಗಳೂರು ರಸ್ತೆಯ ಬಾಡಿಗೆ ಇಲ್ಲ. ಆದರೆ ನಿಯಮ ಅಡ್ಡ ಬಂತು. ವರ್ಷಕ್ಕೆ 40 ಲಕ್ಷ ರೂಪಾಯಿ ಒಳಗಿನ ಸರಕು ವಹಿವಾಟಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲದ ಅಂಗಡಿಯವನಿಗೂ ಆನ್‌ಲೈನ್‌ನಲ್ಲಿ ಮಾರಲು ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಈ ಬಿಗಿ ಸಡಿಲವಾಯಿತು, ರಾಜ್ಯದ ಒಳಗಿನ ಮಾರಾಟಕ್ಕೆ ಮಾತ್ರ. ಬೀದರಿಗೆ ಕಳಿಸಬಹುದು, ಗಡಿ ದಾಟಿದರೆ ಸಿಗುವ ಆದೋನಿಗೆ ಕಳಿಸಲು ನೋಂದಣಿ ಬೇಕು. ಏಳು ದಶಕದಿಂದ ಗಿರಾಕಿಗಳು ಲೆಕ್ಕಕ್ಕಿಡದ ಗಡಿ, ಹೊಸ ಪೇಟೆಯಲ್ಲಿ ಗೋಡೆಯಾಗಿ ನಿಂತಿದೆ.

ಇನ್ನೊಂದು ಕಾಟ ರಿಟರ್ನ್. ಅಂಗಡಿಯಲ್ಲಿ ಸೊಂಟ ಬಿಗಿಯಾದರೆ ಪಕ್ಕದ ಸೈಜು ಕೊಡುತ್ತಾರೆ, ಉದ್ದ ಹೆಚ್ಚಾದರೆ ಮೆಟ್ಟಿಲ ಬಳಿ ಕೂತ ದರ್ಜಿ ಐದು ನಿಮಿಷದಲ್ಲಿ ಮಡಿಸಿ ಹೊಲಿಯುತ್ತಾನೆ. ಆನ್‌ಲೈನ್‌ನಲ್ಲಿ ಅದೇ ಪ್ಯಾಂಟು ಊರೂರು ಸುತ್ತಿ, ಮಡಿಕೆ ಕೆಟ್ಟು ವಾಪಸು ಬರುತ್ತದೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಬಾಗಿಲು ತೆಗೆಯದ ಮನೆಗಳದೂ ಒಂದು ಪಾಲು. ಒಂದು ಪೀಸಿಗೆ ಮೂವತ್ತು ನಲವತ್ತು ರೂಪಾಯಿ ಉಳಿಸಿಕೊಳ್ಳುವ ಉತ್ಪಾದಕನಿಗೆ ಒಂದು ವಾಪಸಾತಿ ಎರಡು ಮೂರು ಮಾರಾಟದ ಲಾಭ ನುಂಗುತ್ತದೆ.

ಉಳಿಯುವವರು ಯಾರು?

ಮದುವೆಯ ಜವಳಿ ಇನ್ನೂ ಗಾದಿಯ ಮೇಲೆಯೇ ನಡೆಯುತ್ತಿದೆ. ಮ್ಯಾಚಿಂಗ್ ಸೆಂಟರಿನಲ್ಲಿ ಸೀರೆಯ ಪಕ್ಕಕ್ಕೆ ಬ್ಲೌಸ್ ಬಟ್ಟೆಯಿಟ್ಟು, ಬಿಸಿಲಿಗೆ ಹಿಡಿದು ಬಣ್ಣ ನೋಡುವವರು ಕಡಿಮೆಯಾಗಿಲ್ಲ. ಬೀಜ, ಗೊಬ್ಬರದ ಅಂಗಡಿಗಳ ಉದ್ರಿ ಪುಸ್ತಕ ಮೊದಲಿನಷ್ಟೇ ದಪ್ಪ. ಕೈಯಿಂದ ಮುಟ್ಟಿ ನೋಡಬೇಕಾದದ್ದು, ಕೂಡಲೇ ತಿದ್ದಬೇಕಾದದ್ದು, ಬೆಳೆಯವರೆಗೆ ಕಾಯಬೇಕಾದದ್ದು ಪೇಟೆಯಲ್ಲಿ ಉಳಿದಿದೆ. ಬರೀ ಕಪಾಟಿನಲ್ಲಿ ಜೋಡಿಸಿಟ್ಟು ಮಾರುವ ವ್ಯಾಪಾರ ಮೊಬೈಲಿಗೆ ಹೋಗಿದೆ, ಅದು ಹಿಂತಿರುಗುವ ಲಕ್ಷಣವಿಲ್ಲ. ಆನ್‌ಲೈನ್ ಕಂಪನಿಗಳೂ ಈಗ ‘ಆಮೇಲೆ ಕೊಡಿ’ ಎನ್ನುತ್ತವೆ, ಆದರೆ ಅವುಗಳ ಕಂತು ತಿಂಗಳ ತಾರೀಕಿನದು. ಕಾಲುವೆಯ ತಾರೀಕು ಅದಕ್ಕೆ ತಿಳಿಯದು.

ಚತುರ ಅಂಗಡಿಯವರು ಎರಡನ್ನೂ ಹಿಡಿದಿದ್ದಾರೆ. ಹೊಸ ಸರಕು ಬಂದ ದಿನವೇ ವಾಟ್ಸ್ಆ್ಯಪ್‌ನಲ್ಲಿ ಫೋಟೊ, ದುಡ್ಡಿಗೆ ಕ್ಯೂಆರ್ ಕೋಡ್, ಸಿರುಗುಪ್ಪದ ಬಸ್ಸಿನಲ್ಲಿ ಪಾರ್ಸೆಲ್, ಬೇಡವಾದರೆ ಬದಲಿ. ಜೀನ್ಸ್‌ಗೆ ಬೇಕಾದದ್ದು ಇದಕ್ಕಿಂತ ದೊಡ್ಡ ಕೆಲಸ. ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಎಲ್ಲಿ ಮಾರಾಟವಾದರೂ ಅದು ಸಂಡೂರಿನದೇ. ಬಳ್ಳಾರಿಯ ದರ್ಜಿಗಳೂ ತಮ್ಮೂರಿನ ಹೆಸರಿನ ಲೇಬಲ್ ಹೊಲಿಯುವಂತಾದರೆ ಪ್ಯಾಂಟು ಬೆಂಗಳೂರು ರಸ್ತೆಯಲ್ಲಿ ಮಾರಾಟವಾದರೇನು, ಮೊಬೈಲಿನಲ್ಲಿ ಮಾರಾಟವಾದರೇನು, ಲಾಭದ ಒಂದು ಪಾಲು ಮಿಷನ್ ತುಳಿದವರಿಗೂ ಬಂದು ಮುಟ್ಟುತ್ತದೆ.