ನಮ್ಮನೆ ಬಂಗುಡೆ ಎಡಚಿಯಾ?

‘ನಮ್ಮ ಮನೆಯಲ್ಲಿ ಬಂಗುಡೆ ಉಂಟು’ ಎಂದರೆ ಮಂಗಳೂರಿನಲ್ಲಿ ಯಾರಾದರೂ ಊಟಕ್ಕೇ ಬಂದಾರು. ಆದರೆ ನಮ್ಮ ಬಂಗುಡೆ ಎರಡು ವರ್ಷದ ಹೆಣ್ಣು ಬೆಕ್ಕು. ಮೈಮೇಲೆ ಬಂಗುಡೆ ಮೀನಿನ ಹಾಗೆ ಕಪ್ಪು ಗೆರೆಗಳಿವೆ ಎಂದು ಅಜ್ಜಿ ಇಟ್ಟ ಹೆಸರು. ಇಂಥ ಪಟ್ಟೆಯ ಬೆಕ್ಕಿಗೆ ಇಂಗ್ಲಿಷಿನಲ್ಲಿ ‘ಮ್ಯಾಕೆರೆಲ್ ಟ್ಯಾಬಿ’ ಎನ್ನುತ್ತಾರಂತೆ. ಮ್ಯಾಕೆರೆಲ್ ಎಂದರೆ ಬಂಗುಡೆಯೇ! ಅಜ್ಜಿಯ ಕಣ್ಣು ಸಾಮಾನ್ಯದ್ದಲ್ಲ.

ಬಂಗುಡೆಯ ಅವತಾರಗಳು ಒಂದೆರಡಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಸ್ಕೂಟರಿನಲ್ಲಿ ಮೀನು ತರುವವರು ನಮ್ಮ ರಸ್ತೆಗೆ ಬರುವುದಿಲ್ಲ. ಅವಳಿಗೆ ಸರಕಾರದ ಆದೇಶ ಮುಟ್ಟಿಲ್ಲ. ಮಳೆ ಸುರಿಯುತ್ತಿದ್ದರೂ ಒಂಬತ್ತೂವರೆಗೆ ಗೇಟಿನ ಬಳಿ ಹಾಜರು. ನೀರನ್ನು ನೇರವಾಗಿ ಕುಡಿಯುವುದಿಲ್ಲ, ಬಕೆಟಿಗೆ ಕೈ ಅದ್ದಿ ನೆಕ್ಕುತ್ತಾಳೆ. ಸೆಮಿಸ್ಟರ್ ರಜೆಯಲ್ಲಿ ಒಂದು ದಿನ ಅದನ್ನು ನೋಡುತ್ತಿದ್ದಾಗ ಅನಿಸಿತು: ಅರೆ, ಇವಳು ಅದ್ದಿದ್ದು ಎಡಗೈಯಲ್ಲವಾ?

ಹಾಗನಿಸಲು ಕಾರಣ ಉಂಟು. ನಾನೂ ಎಡಚಿ. ಬರೆಯುವುದು ಎಡಗೈಯಲ್ಲಿ, ಊಟ ಮಾತ್ರ ಬಲಗೈಯಲ್ಲಿ. ಅದು ಅಜ್ಜಿ ಬೆರಳಿಗೆ ಮೆಲ್ಲಗೆ ತಟ್ಟಿ ತಟ್ಟಿ ಕಲಿಸಿದ್ದು. ಪರೀಕ್ಷೆಯಲ್ಲಿ ಬಲಬದಿಗೆ ಮಾತ್ರ ಹಲಗೆ ಇರುವ ಕುರ್ಚಿ ಸಿಕ್ಕಿದರೆ ಮೂರು ಗಂಟೆ ಸೊಂಟ ತಿರುಗಿಸಿಯೇ ಕೂರಬೇಕು. ಮನುಷ್ಯರಲ್ಲಿ ಸುಮಾರು ಹತ್ತಕ್ಕೆ ಒಬ್ಬರು ಎಡಚರು. ನಮ್ಮ ಮನೆಯಲ್ಲಿ ನಾನೊಬ್ಬಳೇ. ಜೊತೆಗೆ ಒಂದು ಬೆಕ್ಕಾದರೂ ಇರಲಿ ಎಂಬ ಆಸೆ.

ಹುಡುಕಿದರೆ ಇದರ ಬಗ್ಗೆ ನಿಜವಾಗಿಯೂ ಸಂಶೋಧನೆ ನಡೆದಿದೆ. 2009ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಡೆಬೊರಾ ವೆಲ್ಸ್ ಮತ್ತು ಸಾರಾ ಮಿಲ್ಸಾಪ್ 42 ಬೆಕ್ಕುಗಳನ್ನು ಪರೀಕ್ಷಿಸಿದರು. ತಲೆ ತೂರದ, ಕೈ ಮಾತ್ರ ಹೋಗುವ ಬಾಟಲಿಯೊಳಗಿನ ಆಹಾರವನ್ನು ತೆಗೆಯಬೇಕು. 21 ಹೆಣ್ಣು ಬೆಕ್ಕುಗಳಲ್ಲಿ 20 ಬಲಗೈಯನ್ನೂ, 21 ಗಂಡು ಬೆಕ್ಕುಗಳಲ್ಲಿ 20 ಎಡಗೈಯನ್ನೂ ಹೆಚ್ಚು ಬಳಸಿದವು. ಆಟಿಕೆಗೆ ಕೈಚಾಚುವಂಥ ಸುಲಭದ ಕೆಲಸಕ್ಕೆ ಮಾತ್ರ ಯಾವ ಕೈಯಾದರೂ ಆದೀತು. 2018ರಲ್ಲಿ ಅದೇ ವಿಶ್ವವಿದ್ಯಾಲಯದವರು 44 ಬೆಕ್ಕುಗಳನ್ನು ಅವುಗಳ ಮನೆಯಲ್ಲೇ ಗಮನಿಸಿದರು. ಮೆಟ್ಟಿಲು ಇಳಿಯುವಾಗ ಮೊದಲು ಯಾವ ಕಾಲು ಎಂಬುದನ್ನೆಲ್ಲ ಲೆಕ್ಕ ಇಟ್ಟವರು ಬೆಕ್ಕಿನ ಮಾಲೀಕರೇ.

ಹಾಗಾದರೆ ನಾನೂ ಮಾಡಬಹುದಲ್ಲ! ಜಾಮಿನ ಖಾಲಿ ಬಾಟಲಿ ತೊಳೆದು, ಒಣ ಸಿಗಡಿ ಹಾಕಿ ಅಡುಗೆಮನೆಯಲ್ಲಿಟ್ಟೆ. ಹತ್ತು ಸಲದಲ್ಲಿ ಎಂಟು ಸಲ ಎಡಗೈ! ‘ನನ್ನ ಬೆಕ್ಕೂ ಎಡಚಿ’ ಎಂದು ಗೆಳತಿಯರಿಗೆಲ್ಲ ಮೆಸೇಜ್ ಹಾಕಿದೆ. ಒಬ್ಬಳು ಕೇಳಿದಳು, “ಫೋಟೋದಲ್ಲಿ ಅದರ ಬಲಬದಿಗೆ ಉಂಟಲ್ಲ, ಅದು ಎಂಥದು ಮಾರಾಯ್ತಿ?”

ಗ್ಯಾಸ್ ಸಿಲಿಂಡರ್. ಬಲಗೈ ಚಾಚಲು ಜಾಗವೇ ಇರಲಿಲ್ಲ. ಬಾಟಲಿ ಇಟ್ಟವಳು ನಾನೇ, ಉತ್ತರವನ್ನೂ ಜೊತೆಗೇ ಇಟ್ಟಿದ್ದೆ.

ಇನ್ನೊಂದು ತಪ್ಪೂ ಇತ್ತು. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಎಂಟು ಅಥವಾ ಹೆಚ್ಚು ಸಲ ಒಂದೇ ಮುಖ ಬೀಳುವುದು ಅಪರೂಪವೇನಲ್ಲ. ಇಂಥ ನೂರು ಸುತ್ತುಗಳಲ್ಲಿ ಸುಮಾರು 11 ಸುತ್ತು ಹಾಗೇ ಆಗುತ್ತದೆ. ಗಣಿತದ ಪೇಪರಿನಲ್ಲಿ ಸಂಭವನೀಯತೆಯ ಲೆಕ್ಕ ಬಿಡಿಸಿ ಅಂಕ ತೆಗೆದವಳಿಗೆ ಬೆಕ್ಕಿನ ಮುಂದೆ ಅದು ನೆನಪಾಗಲಿಲ್ಲ. 50 ಸಲ ನೋಡಿದರೆ, ಒಂದೇ ಕೈ 33 ಸಲವಾದರೂ ಬಂದರೆ ಮಾತ್ರ ಅದನ್ನು ಬರೀ ಆಕಸ್ಮಿಕವಲ್ಲ ಎನ್ನಬಹುದು.

ಹಳೆಯ ಲೆಕ್ಕ ಹರಿದು ಹಾಕಿದೆ. ಈ ಸಲ ಬಾಟಲಿ ಜಗಲಿಯ ನಟ್ಟನಡುವೆ. ದಿನಕ್ಕೆ ಐದೇ ಸಲ, ಹತ್ತು ದಿನ. ಪ್ರತಿ ಸಲವೂ ಅವಳು ಒಂದು ಸುತ್ತು ಹೋಗಿ ಬಂದ ಮೇಲೆಯೇ ಮತ್ತೆ ಸಿಗಡಿ. ಅಜ್ಜಿ ಬಾಗಿಲಲ್ಲಿ ಕೂತು ನೋಡುತ್ತಿದ್ದರು. “ಬೆಕ್ಕು ತಿನ್ನುವುದನ್ನು ಎಂಥ ಬರೆಯುವುದು ಮಗಾ?” ಎಂದು ನಕ್ಕವರು, ಮೂರನೇ ದಿನದಿಂದ “ಈಗ ಬಲ, ಬರೆದುಕೋ” ಎನ್ನತೊಡಗಿದರು.

ಹತ್ತನೇ ದಿನ ಕೂಡಿಸಿದೆ. ಬಲ 36, ಎಡ 14. ಬರೀ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಬರುವುದು ಸಾವಿರಕ್ಕೆ ಮೂರು ಸಲಕ್ಕಿಂತಲೂ ಕಡಿಮೆ. ಬೆಲ್‌ಫಾಸ್ಟ್‌ನ ಹೆಣ್ಣು ಬೆಕ್ಕುಗಳ ಹಾಗೆ ನಮ್ಮವಳದ್ದೂ ಬಲಗೈಯೇ. ನನಗೆ ಜೊತೆ ಸಿಗಲಿಲ್ಲ. ಗೆಳತಿಯರಿಗೆ ‘ತಪ್ಪಾಗಿತ್ತು’ ಎಂದು ಇನ್ನೊಂದು ಮೆಸೇಜ್ ಹಾಕಿದೆ. ಮೊದಲನೆಯದಕ್ಕಿಂತ ಅದನ್ನು ಟೈಪ್ ಮಾಡುವುದೇ ಕಷ್ಟವಾಯಿತು.

ಅಜ್ಜಿಗೂ ಫಲಿತಾಂಶ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಅಲ್ಲ ಮಗಾ, ಬಲಗೈಯಲ್ಲಿ ತಿನ್ನಲಿಕ್ಕೆ ಇದಕ್ಕೆ ಯಾರು ಕಲಿಸಿದ್ದು?”

“ಯಾರೂ ಇಲ್ಲ ಅಜ್ಜಿ. ಅದರ ಕೈಯೇ ಹಾಗೆ.”

ಅಜ್ಜಿ ಮತ್ತೇನೂ ಹೇಳಲಿಲ್ಲ. ಊಟಕ್ಕೆ ಈಗಲೂ ಬಲಗೈಯೇ ಆಗಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ನಾನು ಮೆಟ್ಟುಕತ್ತಿಯ ಮುಂದೆ ಕೂತು ಎಡಗೈಯಲ್ಲಿ ತರಕಾರಿ ಹಿಡಿದರೆ ಮೊದಲೆಲ್ಲ “ಆ ಕೈ ಬೇಡ” ಎನ್ನುತ್ತಿದ್ದವರು, ಮೊನ್ನೆ ಬೆಂಡೆಕಾಯಿಯ ಬುಟ್ಟಿಯನ್ನು ತಾವಾಗಿಯೇ ನನ್ನ ಎಡಬದಿಗೆ ಸರಿಸಿಟ್ಟರು.